ಬಟ್ಟೆ ತಿಂದ ಮಣ್ಣು

ಒಂದು ಕಾಡಿನಂಚಿನಲ್ಲಿ ಈರಮ್ಮ ಎಂಬ ಕರಡಿ ಬೇಸಾಯ ಮಾಡಿಕೊಂಡಿದ್ದಳು. ಅವಳು ಸೀನಿದರೆ ಮೂರು ಗುಡ್ಡದಾಚೆ ಹುಣಸೆಹಣ್ಣು ಉದುರುತ್ತಿತ್ತು! ಅಂಥ ಈರಮ್ಮನೇ ಆ ವರ್ಷ ಹೆದರಿ ಕೂತಳು. ಇಡೀ ಕಾಡಿನಲ್ಲಿ ಬಿತ್ತನೆ ರಾಗಿ ಉಳಿದಿದ್ದು ಒಂದೇ ಚೀಲ. ಬೇಕೆಂದವರು ಇಬ್ಬರು: ಈರಮ್ಮ, ಮತ್ತು ಪಕ್ಕದ ಹೊಲದ ನರಿ ಚೆನ್ನಿಂಗ. ಸಿಗದವರ ಹೊಲ ಬೀಳು, ಮರಿಗಳ ಹೊಟ್ಟೆ ಖಾಲಿ.

ಚೀಲ ಇದ್ದದ್ದು ಆನೆ ಗೌರಜ್ಜಿಯ ಬಳಿ. ಅವಳು ಇಬ್ಬರಿಗೂ ಒಂದೊಂದು ಹತ್ತಿಬಟ್ಟೆ ಕೊಟ್ಟಳು. “ನಿಮ್ಮ ನಿಮ್ಮ ಹೊಲದಲ್ಲಿ ಹೂತಿಡಿ. ಎರಡು ತಿಂಗಳಾದ ಮೇಲೆ ಅಗೆಯೋಣ. ಯಾರ ಮಣ್ಣು ಒಳ್ಳೇದೋ ಅವರಿಗೆ ರಾಗಿ.”

ಈರಮ್ಮ ವರ್ಷವಿಡೀ ಹೊಲಕ್ಕೆ ತರಗೆಲೆ, ಸಗಣಿ ಹೊತ್ತು ಹಾಕುತ್ತಿದ್ದಳು. ಚೆನ್ನಿಂಗ ಕೊಯ್ಲಾದ ಮೇಲೆ ಉಳಿದ ಕೂಳೆಗೆ ಬೆಂಕಿ ಇಟ್ಟು ಮಲಗುತ್ತಿದ್ದ. “ಏನಕ್ಕಾ, ಮಣ್ಣಿಗೂ ಊಟ ಬಡಿಸ್ತೀಯಾ? ಹಂಗೇ ಎಲೆ ಅಡಿಕೆನೂ ಕೊಡು!” ಎಂದು ಅಣಕಿಸುತ್ತಿದ್ದ.

ಗಡುವಿಗೆ ಒಂದು ದಿನ ಮೊದಲೇ ಅವನು ಕದ್ದು ಅಗೆದು ನೋಡಿದ. ಬಟ್ಟೆಯಲ್ಲಿ ನಾಲ್ಕು ತೂತು! ‘ಕೆಟ್ಟೆನಲ್ಲಪ್ಪಾ’ ಎಂದು ಅಂಥದ್ದೇ ಹೊಸ ಬಟ್ಟೆ ತಂದು ಹೂತ.

ಮರುದಿನ ಎಲ್ಲರ ಮುಂದೆ ಈರಮ್ಮ ಅಗೆದಳು. ಸಿಕ್ಕಿದ್ದು ಬೆರಳಗಲದ ಅಂಚು, ಅದರ ಸುತ್ತ ಎರೆಹುಳುಗಳು.

“ಅಜ್ಜೀ, ನೀವು ಕೊಟ್ಟಿದ್ದನ್ನ ಕಾಪಾಡೋಕೆ ಆಗ್ಲಿಲ್ಲ” ಎಂದು ತಲೆ ತಗ್ಗಿಸಿದಳು.

ಚೆನ್ನಿಂಗ ತನ್ನ ಬಟ್ಟೆ ಕೊಡವಿ ಹಿಡಿದ. “ನೋಡಿ! ಒಂದೆಳೆಯೂ ಕದಲಿಲ್ಲ. ಉಟ್ಕೊಂಡು ಮದುವೆಗೇ ಹೋಗಬಹುದು!”

“ಹೋಗಿ ಬಾ” ಎಂದಳು ಗೌರಜ್ಜಿ. “ಜೀವ ಇರೋ ಮಣ್ಣು ತಿನ್ನುತ್ತೆ ಕಣಪ್ಪಾ. ತಿಂದಿದ್ದನ್ನೇ ಪೈರಿಗೆ ಉಣಿಸುತ್ತೆ. ಎರಡು ತಿಂಗಳು ಉಪವಾಸ ಕೂತ ಮಣ್ಣಿಗೆ ರಾಗಿ ಯಾಕೆ? ನಾಲ್ಕು ತೂತಾದ್ರೂ ಬಿದ್ದಿದ್ರೆ ಅರ್ಧ ಚೀಲ ಕೊಡ್ತಿದ್ದೆ.”

“ಬಿದ್ದಿತ್ತಜ್ಜೀ! ಸರಿಯಾಗಿ ನಾಲ್ಕೇ ಬಿದ್ದಿತ್ತು!” ಎಂದು ಚೆನ್ನಿಂಗ ಬಾಯಿಬಿಟ್ಟ. ಕಾಡಿಗೆ ಕಾಡೇ ನಕ್ಕಿತು.

ಚೀಲ ಈರಮ್ಮನ ಹೆಗಲೇರಿತು. ಆ ಸಲದ ತೆನೆ ಎಷ್ಟು ಭಾರವೆಂದರೆ, ಒಂದೊಂದಕ್ಕೂ ಎರಡೆರಡು ಕೋತಿಗಳು ಹೆಗಲು ಕೊಡಬೇಕಾಯಿತು! ಮೊದಲ ಮುದ್ದೆಯ ಮೊದಲ ತುತ್ತನ್ನು ಈರಮ್ಮ ಹೊಲದಲ್ಲೇ ಹೂತಳು. “ಎರೆಹುಳುಗಳೇ, ನನ್ನ ಮರಿಗಳು ಉಣ್ಣೋದು ನಿಮ್ಮಿಂದ. ಮೊದಲು ನೀವುಣ್ಣಿ” ಎಂದು ಕೈಮುಗಿದಳು.

ಆಮೇಲೆ ಒಂದು ಬುಟ್ಟಿ ಗೊಬ್ಬರ ಹೊತ್ತು, ಹುಳುಗಳ ಸಮೇತ, ನರಿಯ ಬಾಗಿಲಿಗೆ ಹೋದಳು. “ತಗೋ ತಮ್ಮಾ, ನೀನೂ ಮಣ್ಣಿಗೆ ಬಡಿಸು. ಎಲೆ ಅಡಿಕೆ ಬೇಡ, ತರಗೆಲೆ ಸಾಕು.”

ನೀತಿ: ಮಣ್ಣಿಗೆ ಉಣಿಸಿದವರಿಗೆ ಮಣ್ಣೇ ಉಣಿಸುತ್ತದೆ, ಇಲ್ಲದ ಹೆಚ್ಚುಗಾರಿಕೆ ತೋರಿಸಲು ಹೋದವರು ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ.