ಹಿಡಿ ಬೇಡ, ಕೆರೆ ಬೇಕು

ಮಹಾಲಿಂಗನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ನಮ್ಮ ಬೀದಿಯ ಚರಂಡಿಯನ್ನು ನಾವು ನಾಲ್ಕಾರು ಮಂದಿ ಸೇರಿ ವಾರವಾರ ಶುದ್ಧ ಮಾಡುತ್ತೇವೆ. ಚುನಾವಣೆ ಮುಗಿಯುವ ತನಕ ನಿಲ್ಲಿಸಿ ಎನ್ನುತ್ತಾರೆ ನಮ್ಮ ಪಕ್ಷದವರು. ಬೀದಿ ನಾರಿದರೆ ಜನ ಸಿಟ್ಟಾಗುತ್ತಾರೆ, ಆಗ ನಮ್ಮ ಮಾತು ನಾಟುತ್ತದೆ ಎಂಬುದು ಅವರ ಎಣಿಕೆ. ಇವತ್ತೇ ಉತ್ತರ ಕೊಡಬೇಕು. ಏನು ಮಾಡಲಿ?"

ಗುರುಗಳು ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ಒಂದು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಡಂಗುರದವನಿದ್ದ. ಆ ಊರಿಗೆ ಇದ್ದದ್ದು ಒಂದೇ ಕೆರೆ. ಅದರ ತುಂಬ ಅಂತರಗಂಗೆ. ಕಿತ್ತಷ್ಟೂ ಹಬ್ಬುವ ಹಾಳು ಗಿಡ. ನೀರಿಗೆ ಬಂದವರು ಮೊದಲು ಒಂದು ಹಿಡಿ ಗಿಡ ಕಿತ್ತು ದಡಕ್ಕೆ ಹಾಕಿ, ಆಮೇಲೆ ಕೊಡ ಮುಳುಗಿಸುವುದು ಅಲ್ಲಿಯ ವಾಡಿಕೆ. ಕೆರೆ ಪೂರ್ತಿ ತಿಳಿಯಾಗಿದ್ದೂ ಇಲ್ಲ, ನೀರಿಗೆ ತತ್ವಾರ ಬಂದದ್ದೂ ಇಲ್ಲ.

ಊರಿನಲ್ಲಿ ಎರಡು ಪಕ್ಷ. ಅಧಿಕಾರವಿಲ್ಲದ ಪಕ್ಷದ ಯಜಮಾನ ಡಂಗುರದವನನ್ನು ಕರೆಸಿದ. "ಹಿಡಿ ಹಿಡಿ ಕೀಳುವ ಈ ಚಾಳಿ ಇರುವ ತನಕ ನಾವು ಗೆಲ್ಲುವುದಿಲ್ಲ. ಅದು ನಿಲ್ಲುವಂಥ ಒಂದು ಮಾತು ಕಟ್ಟು" ಎಂದ.

ಡಂಗುರದವನು ಕಟ್ಟಿದ: ಹಿಡಿ ಬೇಡ, ಕೆರೆ ಬೇಕು. ಹಿಡಿ ಹಿಡಿ ಕಿತ್ತದ್ದು ಸಾಕು, ಇಡೀ ಕೆರೆಯೇ ತಿಳಿಯಾಗಲಿ ಎಂದು ಅದರ ಅರ್ಥ. ಮಾತೇನೋ ಸೊಗಸಾಗಿತ್ತು, ಸುಳ್ಳೂ ಆಗಿರಲಿಲ್ಲ. ಅದನ್ನು ಕೇಳಿದ ಮೇಲೆ ಒಂದು ಹಿಡಿ ಕೀಳಲು ಜನಕ್ಕೆ ನಾಚಿಕೆಯಾಯಿತು. ತಾಯಂದಿರು ಅದನ್ನೇ ಗುನುಗಿ ಕೂಸುಗಳನ್ನು ಮಲಗಿಸಿದರು. ತಾನು ಹೋಗುವ ಮೊದಲೇ ತನ್ನ ಮಾತು ಬೀದಿ ತಲುಪಿರುವುದನ್ನು ಕಂಡು ಡಂಗುರದವನು ಕನಸಿನಲ್ಲಿದ್ದವನಂತೆ ಓಡಾಡಿದ. ಅತ್ತ ಕೆರೆಯ ಮೇಲೆ ಹಸಿರು ಮುಚ್ಚುತ್ತ ಬಂತು. ಗಾಳಿ ಬೀಸಿದರೂ ಅಲೆ ಏಳುತ್ತಿರಲಿಲ್ಲ. ನಡೆದೇ ಆಚೆ ದಡ ಸೇರಬಹುದು ಎನ್ನುವ ಹಾಗೆ ಕಾಣುತ್ತಿತ್ತು. ನೋಡಲು ಚೆಂದವೇ.

ಪಕ್ಷ ಗೆದ್ದಿತು. ಕೆರೆಯನ್ನು ಒಮ್ಮೆಗೇ ಶುದ್ಧ ಮಾಡಿಬಿಡಲು ದಿನ ಗೊತ್ತಾಯಿತು. ಬೆಳಗಿನ ಮಂಜಿನಲ್ಲಿ ಊರಿಗೆ ಊರೇ ದಡಕ್ಕೆ ಬಂದು ನಿಂತಿತು. ಗೆದ್ದವರು ಇಳಿಯುತ್ತಾರೆಂದು ಊರವರು ಕಾದರು, ಊರವರು ಇಳಿಯುತ್ತಾರೆಂದು ಗೆದ್ದವರು ಕಾದರು. ಮಂಜು ಕರಗಿತು, ಬಿಸಿಲೇರಿತು, ಯಾರೂ ಬಗ್ಗಲಿಲ್ಲ. ಜನರ ನಡುವೆ ಡಂಗುರದವನ ಹೆಂಡತಿ ಖಾಲಿ ಕೊಡ ಹಿಡಿದು ಗಂಡನನ್ನೇ ನೋಡುತ್ತಿದ್ದಳು. ಮನೆಯಲ್ಲಿ ಕುಡಿಯಲು ತೊಟ್ಟು ನೀರಿರಲಿಲ್ಲ.

ಅವನು ಡಂಗುರವನ್ನು ದಡದಲ್ಲಿಟ್ಟು ನೀರಿಗಿಳಿದ. ಒಂದು ಹಿಡಿ ಕಿತ್ತ. ದಡದ ಮೇಲೆ ಯಾರೋ ನಕ್ಕರು. ಆಮೇಲೆ ಊರೆಲ್ಲ ಒಂದೇ ದನಿಯಲ್ಲಿ, ಅವನೇ ಕಲಿಸಿದ ಧಾಟಿಯಲ್ಲಿ, ಹಿಡಿ ಬೇಡ, ಕೆರೆ ಬೇಕು ಎಂದು ಹಾಡಿತು. ಕಿತ್ತದ್ದನ್ನು ಎಸೆಯಲಾರದೆ, ಹಿಡಿದುಕೊಳ್ಳಲೂ ಆರದೆ, ಅವನು ನಾಚಿಕೆಯಿಂದ ಹಿಡಿಯಷ್ಟಾದ.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಇಳಿದು ಬಂದಳು. "ಆಮೇಲೆ ನಾಚಿಕೊಳ್ಳುವಿರಂತೆ. ಮೊದಲು ಕೊಡ ಮುಳುಗುವಷ್ಟು ಜಾಗ ಮಾಡಿ" ಎಂದಳು. ಇಬ್ಬರೂ ಕೀಳತೊಡಗಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಹಾಲಿಂಗ ಕಾದು ನೋಡಿ, "ಹಾಗಾದರೆ ಕೆರೆ ಬೇಕೆಂದು ಕೇಳಿದ್ದೇ ತಪ್ಪೇ, ಗುರುಗಳೇ?" ಎಂದ.

"ಕೆರೆ ಬೇಕೆಂದೇ ಕೂಗು, ಮಗು, ಕೂಗುವಾಗ ಎತ್ತಿದ ಕೈ ಒದ್ದೆಯಾಗಿರಲಿ."