ಜೋಯಿಸರ ಫೋನಿನ ಜಾತಕ

ತಿಪಟೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ಪದ್ಮಾವತಿ ಅಂತ ಒಬ್ಬಳು ಕೌಂಟರ್ ಕೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಶೇಷಾದ್ರಿ ಜೋಯಿಸರು ಬಂದು ಹೊಸ ಫೋನೊಂದನ್ನು ಅವಳ ಮುಂದಿಟ್ಟರು. ಅವರ ಭಾವಮೈದ ಜಪಾನಿನಿಂದ ತಂದದ್ದು. ಮೂರು ದಿನದಿಂದ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ.

“ನೀನು ಕೊಟ್ಟ ಸಿಮ್ಮೇ ಸರಿಯಿಲ್ಲ. ಸಂಜೆಯೊಳಗೆ ಫೋನ್ ನಡೀಬೇಕು. ಇಲ್ಲದಿದ್ದರೆ ನಿನ್ನ ಯಜಮಾನನಿಗೆ ಹೇಳ್ತೀನಿ.”

ಯಜಮಾನ ಜೋಯಿಸರನ್ನು ಕೇಳದೆ ಅಂಗಡಿಯ ಬೀಗವನ್ನೂ ಬದಲಾಯಿಸುವವನಲ್ಲ. ಪದ್ಮಾವತಿ ಆ ಸಿಮ್ಮನ್ನು ತನ್ನ ಹಳೇ ಫೋನಿಗೆ ಹಾಕಿದಳು, ಸಿಗ್ನಲ್ ತುಂಬಿ ಬಂತು. ಕಂಪ್ಯೂಟರಿನಲ್ಲಿ ಹುಡುಕಿದಳು. ಇಲ್ಲಿನ ಟವರು ಸಿಗ್ನಲ್ ಕಳಿಸುವ ಬ್ಯಾಂಡ್, ಅಂದರೆ ತರಂಗಾಂತರ, ಒಂದೂ ಆ ಫೋನಿನಲ್ಲಿರಲಿಲ್ಲ. ಆದರೆ ಜೋಯಿಸರ ಫೋನನ್ನೇ ದೂರಿದರೆ ಕೆಲಸ ಉಳಿಯುತ್ತದೆಯೇ?

ಹೆದರುತ್ತಲೇ ಕೇಳಿದಳು. “ಸ್ವಾಮಿ, ನಮ್ಮಕ್ಕನಿಗೆ ಬಂದ ಸಂಬಂಧ ಬೇಡ ಅಂದಿರಲ್ಲ, ಐಬು ಹುಡುಗನದೋ, ನಮ್ಮಕ್ಕನದೋ?”

“ಯಾರದೂ ಅಲ್ಲಮ್ಮ. ಇಬ್ಬರೂ ಚಿನ್ನ. ಜಾತಕ ಕೂಡಲಿಲ್ಲ, ಅಷ್ಟೆ. ಆಗಲೇಬೇಕು ಅಂದರೆ ಶಾಂತಿ ಮಾಡಿಸಿ ಅಂದಿದ್ದೆನಲ್ಲ.”

“ಇದೂ ಹಾಗೇ, ಸ್ವಾಮಿ. ಫೋನೂ ಚಿನ್ನ, ಸಿಮ್ಮೂ ಚಿನ್ನ. ಬ್ಯಾಂಡ್ ಕೂಡಲಿಲ್ಲ.”

ಟವರಿನ ಬ್ಯಾಂಡುಗಳನ್ನೂ ಫೋನಿನ ಬ್ಯಾಂಡುಗಳನ್ನೂ ಅಕ್ಕಪಕ್ಕ ಬರೆದುಕೊಟ್ಟಳು. ಜೋಯಿಸರು ಕನ್ನಡಕ ಏರಿಸಿ, ಬೆರಳು ಮಡಚುತ್ತಾ ಎರಡನ್ನೂ ತಾಳೆ ನೋಡಿದರು. ಒಂದೂ ಸೇರಲಿಲ್ಲ. ದನಿ ಇಳಿಯಿತು.

“ಇದಕ್ಕೆ ಪರಿಹಾರ ಏನೂ ಇಲ್ಲವೇನಮ್ಮ?”

“ಗ್ರಹಗಳು ಶಾಂತಿ ಮಾಡಿಸಿದರೆ ಒಪ್ಪುತ್ತವೆ, ಸ್ವಾಮಿ. ಟವರು ಒಪ್ಪಲ್ಲ.”

ಜೋಯಿಸರು ಫೋನನ್ನು ಜೇಬಿಗಿಟ್ಟು ಬಾಗಿಲ ತನಕ ಹೋದವರು ತಿರುಗಿ ಬಂದರು.

“ಈ ಮಾತು ನಿನ್ನ ಯಜಮಾನನ ಕಿವಿಗೆ ಹಾಕಬೇಡಮ್ಮ.”