ರುಚಿಗೆ ತಕ್ಕಷ್ಟು

ಶಿಷ್ಯ ಕೇಳಿದ: "ಗುರುಗಳೇ, ಒಬ್ಬ ಮನುಷ್ಯನನ್ನು ಅರಿಯುವುದಕ್ಕೆ ಎಷ್ಟು ಕಾಲ ಬೇಕು?"

ಗುರುಗಳು ಮರುಪ್ರಶ್ನೆ ಹಾಕಿದರು: "ಅವಲಕ್ಕಿ ನೆನೆಯುವುದಕ್ಕೆ ಎಷ್ಟು ಕಾಲ ಬೇಕು?"

"ಅದು ಎಂಥ ಅವಲಕ್ಕಿ ಎಂಬುದರ ಮೇಲೆ ಹೋಗುತ್ತದೆ. ತೆಳುವಾದರೆ ನೀರು ಚಿಮುಕಿಸಿದರೆ ಸಾಕು. ದಪ್ಪವಾದರೆ ಇನ್ನಷ್ಟು ಹೊತ್ತು ಬೇಕು."

"ಹಾಗಾದರೆ ಒಂದು ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗ ಇದ್ದ. ಅವನ ತಕ್ಕಡಿಗೆ ಸುತ್ತ ಹತ್ತೂರಿನಲ್ಲಿ ಹೆಸರಿತ್ತು. ಚಿನ್ನವನ್ನು ಗುಲಗಂಜಿ ಬೀಜ ಇಟ್ಟು ತೂಗುತ್ತಿದ್ದ. ತೂಗುವಾಗ ಉಸಿರು ಬಿಗಿಹಿಡಿಯುತ್ತಿದ್ದ, ತಟ್ಟೆ ಅಲುಗಬಾರದು ಎಂದು. ಯಾರಿಗೂ ಒಂದು ಬೀಜದಷ್ಟು ಹೆಚ್ಚು ಕೊಟ್ಟವನಲ್ಲ, ಕಡಿಮೆ ಕೊಟ್ಟವನೂ ಅಲ್ಲ. ಅವನ ಎದುರಿಗೆ ಯಾರಾದರೂ 'ಸುಮಾರು' ಎಂದರೆ, "ಸುಮಾರು ಎಂಬ ಊರಿಗೆ ನನಗೆ ದಾರಿ ಗೊತ್ತಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನ ಹೆಂಡತಿ ಜ್ವರ ಬಂದು ಮಲಗಿದಳು. ಇಪ್ಪತ್ತೊಂದು ದಿನ ಮೈ ಕಾಯಿತು. ಇಪ್ಪತ್ತೆರಡನೆಯ ದಿನ ಜ್ವರ ಬಿಟ್ಟಿತು. ಜ್ವರ ಬಿಟ್ಟರೂ ಬಾಯಿಗೆ ಅನ್ನ ಹಿಡಿಯಲಿಲ್ಲ. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ವೈದ್ಯ ನಾಡಿ ನೋಡಿದ. ಅಕ್ಕಸಾಲಿಗನನ್ನು ಜಗಲಿಗೆ ಕರೆದು ಹೇಳಿದ:

"ನನ್ನ ಔಷಧದ ಕೆಲಸ ಮುಗಿಯಿತು. ಇನ್ನು ಅನ್ನವೇ ಔಷಧ. ನಾಲ್ಕು ದಿನದೊಳಗೆ ನಾಲಗೆಗೆ ರುಚಿ ಹತ್ತಬೇಕು. ಒಂದು ಹತ್ತು ತುತ್ತಾದರೂ ಒಳಗೆ ಹೋಗಬೇಕು. ಹೋಗದಿದ್ದರೆ ನನಗೆ ಹೇಳಿ ಕಳಿಸಬೇಡಿ. ಬಂದು ಮಾಡುವುದೇನೂ ಇರುವುದಿಲ್ಲ."

ಅಕ್ಕಸಾಲಿಗನಿಗೆ ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು. ಇಪ್ಪತ್ತು ವರ್ಷದಲ್ಲಿ ಅವನು ಅಡುಗೆಮನೆಯಲ್ಲಿ ಕೂತು ಉಂಡಿದ್ದ, ನಿಂತು ಏನನ್ನೂ ಮಾಡಿರಲಿಲ್ಲ. ಎದುರುಮನೆಯಲ್ಲಿ ಮಂಡಕ್ಕಿ ಹುರಿದು ಮಾರುವ ಒಬ್ಬ ಮುದುಕಿ ಇದ್ದಳು. ಇಷ್ಟು ದಿನ ಗಂಜಿ ಕಾಸಿ ಕಳಿಸಿದವಳು ಅವಳೇ. ಅವನು ಅವಳ ಒಲೆಯ ಮುಂದೆ ಹೋಗಿ ನಿಂತ.

"ದೊಡ್ಡವ್ವಾ, ಬೇಗ ಆಗುವಂಥದ್ದು, ನನ್ನಂಥವನಿಗೂ ಬರುವಂಥದ್ದು ಏನಾದರೂ ಒಂದು ಹೇಳಿಕೊಡು."

"ಬೆಂಕಿ ಊದಿ ಬಂಗಾರ ಕರಗಿಸೋನು ಒಗ್ಗರಣೆಗೆ ಹೆದರ್ತಾನಲ್ಲಪ್ಪ!" ಎಂದು ಮುದುಕಿ ನಕ್ಕಳು. "ಕೇಳಿಸ್ಕೋ. ತೆಳು ಅವಲಕ್ಕಿ ತಗೋ. ಹುಣಸೆ ರಸ, ಬೆಲ್ಲ, ಸಾರಿನ ಪುಡಿ ಹಾಕಿ ಕಲಸು. ಸಾಸಿವೆ, ಕರಿಬೇವು ಒಗ್ಗರಣೆ ಕೊಡು. ಮೇಲೆ ಒಂದಿಷ್ಟು ಕಾಯಿತುರಿ. ಹಾಲು ಉಕ್ಕೋದರೊಳಗೆ ಆಗೋಗುತ್ತೆ. ಉಪ್ಪು ರುಚಿಗೆ ತಕ್ಕಷ್ಟು."

"ತಕ್ಕಷ್ಟು ಅಂದರೆ ಎಷ್ಟು?"

"ತಕ್ಕಷ್ಟು ಅಂದ್ರೆ ತಕ್ಕಷ್ಟು ಕಣಯ್ಯ ಆಚಾರಿ. ಅದಕ್ಕೂ ಗುಲಗಂಜಿ ಹುಡುಕ್ತೀಯಾ?"

ಮುದುಕಿ ಅಂದದ್ದು ತಮಾಷೆಗೆ. ಅಕ್ಕಸಾಲಿಗ ನಿಜವಾಗಿಯೂ ಹುಡುಕಿದ.

ಮನೆಗೆ ಬಂದು ಅವಲಕ್ಕಿಯನ್ನು ಆರು ಪಾಲು ಮಾಡಿದ. ಒಂದೊಂದು ಪಾಲಿಗೆ ಒಂದೊಂದು ತೂಕದ ಉಪ್ಪು ಹಾಕಿದ. ಒಂದೊಂದನ್ನೂ ಬಾಯಿಗೆ ಹಾಕಿಕೊಂಡು, ನಡುವೆ ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ನೋಡಿದ. ನಾಲ್ಕನೆಯ ಪಾಲು ನಾಲಗೆಗೆ ಸರಿಯಾಗಿ ಕೂತಿತು. ಒಂದು ಬಟ್ಟಲು ಅವಲಕ್ಕಿಗೆ ಇಪ್ಪತ್ತೆರಡು ಗುಲಗಂಜಿ ತೂಕದ ಉಪ್ಪು. ಮುದುಕಿಗೆ ಜನ್ಮವೆಲ್ಲ ಗೊತ್ತಾಗದೆ ಇದ್ದದ್ದು ತನಗೆ ಒಂದೇ ಗಳಿಗೆಯಲ್ಲಿ ಗೊತ್ತಾಯಿತಲ್ಲ ಎಂದು ಅವನಿಗೆ ಹೆಮ್ಮೆಯಾಯಿತು. ಹೊಸದಾಗಿ ಕಲಸಿ, ಬಟ್ಟಲು ಹಿಡಿದು ಹೆಂಡತಿಯ ಹಾಸಿಗೆಯ ಹತ್ತಿರ ಕೂತ.

ಅವಳು ಒಂದು ತುತ್ತು ತಿಂದು ಬಟ್ಟಲು ಸರಿಸಿದಳು.

"ಚೆನ್ನಾಗಿಲ್ಲವೇ?"

"ಚೆನ್ನಾಗಿದೆ" ಎಂದಳು. ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಎರಡನೆಯ ದಿನ ಅವನು ಉಪ್ಪನ್ನು ಬಿಸಿಲಿಗೆ ಹಾಕಿ ಒಣಗಿಸಿದ, ಪಸೆ ತೂಕ ಕೆಡಿಸಿರಬಹುದು ಎಂದು. ತಕ್ಕಡಿಯ ದಾರ ಬದಲಾಯಿಸಿದ. ಮತ್ತೆ ಇಪ್ಪತ್ತೆರಡು ಗುಲಗಂಜಿ. ಅವಳು ಮತ್ತೆ ಒಂದೇ ತುತ್ತು ತಿಂದಳು. ಮತ್ತೆ ಚೆನ್ನಾಗಿದೆ ಎಂದಳು.

ಅವನು ಯೋಚಿಸಿದ. ತಕ್ಕಡಿ ಸುಳ್ಳು ಹೇಳುವುದಿಲ್ಲ. ತನ್ನ ನಾಲಗೆ ಸುಳ್ಳು ಹೇಳುವುದಿಲ್ಲ. ಹಾಗಾದರೆ ಮುದುಕಿಯೇ ಏನನ್ನೋ ಮುಚ್ಚಿಟ್ಟಿದ್ದಾಳೆ. ಮೂರನೆಯ ದಿನ ಬೆಳಗ್ಗೆ ಬಟ್ಟಲು ಹಿಡಿದುಕೊಂಡೇ ಬೀದಿ ದಾಟಿದ.

"ನೀನು ಹೇಳಿದ ಹಾಗೇ ಮಾಡಿದ್ದೇನೆ. ತಿಂದು ನೋಡು. ಏನು ತಪ್ಪಿದೆ?"

ಮುದುಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. "ಏನೂ ತಪ್ಪಿಲ್ಲ. ಬಲು ಚೆನ್ನಾಗಿದೆ. ಯಾರ ರುಚಿಗೆ ಮಾಡ್ದೆ?"

"ಯಾರ ರುಚಿಗೆ ಅಂದರೆ? ರುಚಿ ಅಂದರೆ ರುಚಿ. ನಾನೇ ನೋಡಿ ಹಾಕಿದ್ದೇನೆ. ಊಟ ತನ್ನಿಚ್ಛೆ ಅಂತ ಗಾದೆಯೇ ಇದೆ."

"ಉಣ್ಣೋರ ಇಚ್ಛೆ ಕಣಯ್ಯ, ಕಲಸೋರ ಇಚ್ಛೆ ಅಲ್ಲ. ನಿನ್ನ ಹೆಂಡತಿಗೆ ಉಪ್ಪು ಮುಂದೋ, ಹುಳಿ ಮುಂದೋ?"

ಅಕ್ಕಸಾಲಿಗ ಕೈಯಲ್ಲಿದ್ದ ಬಟ್ಟಲನ್ನೇ ನೋಡಿದ. ಮುದುಕಿ ಮತ್ತೆ ಕೇಳಿದಳು:

"ಅವಳ ಮೂಗುತಿ ಎಷ್ಟು ತೂಕ?"

"ಆರೂವರೆ ಗುಲಗಂಜಿ" ಎಂದ, ತಟ್ಟನೆ.

"ಸರಿಹೋಯ್ತು! ಮೂಗಿನ ಮೇಲಿಂದು ಅರೆ ಬೀಜದವರೆಗೂ ಗೊತ್ತು, ಮೂಗಿನ ಕೆಳಗಿರೋ ಬಾಯಿ ಮಾತ್ರ ಗೊತ್ತಿಲ್ಲ. ಹೋಗು, ನನ್ನ ಮಂಡಕ್ಕಿ ಸೀದುಹೋಗುತ್ತೆ."

ಅವನು ಸಿಟ್ಟಿನಲ್ಲಿ ಹೊರಟ. ಬೀದಿಯ ನಡುವೆ ಬರುವಷ್ಟರಲ್ಲಿ ಸಿಟ್ಟು ಇಳಿಯಿತು. ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಹೆದರಿಕೆ ಹತ್ತಿತು. ಇಂದು ಮೂರನೆಯ ದಿನ. ಇವಳು ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದಳು? ನೆನಪು ಮಾಡಿಕೊಳ್ಳಲು ನೋಡಿದ. ಅವಳು ಬಡಿಸುತ್ತಿದ್ದದ್ದು ನೆನಪಿಗೆ ಬಂತು. ಉಣ್ಣುತ್ತಿದ್ದದ್ದು ಒಂದು ದಿನವೂ ನೆನಪಿಗೆ ಬರಲಿಲ್ಲ. ಅವನು ಕೈತೊಳೆದು ಎದ್ದುಹೋದ ಮೇಲೆ ಅವಳು ಊಟಕ್ಕೆ ಕೂರುತ್ತಿದ್ದಳು.

ಹಾಸಿಗೆಯ ಹತ್ತಿರ ಕೂತ. ಕೇಳಿದ:

"ಇವಳೇ, ನಿನಗೆ ಉಪ್ಪು ಎಷ್ಟು ಬೇಕು?"

ಹೆಂಡತಿ ಕಣ್ಣು ತೆರೆದು ಅವನನ್ನೇ ನೋಡಿದಳು. "ಗೊತ್ತಿಲ್ಲ" ಎಂದಳು.

"ಗೊತ್ತಿಲ್ಲ ಅಂದರೆ?"

"ದಿನಾ ನಿಮ್ಮ ನಾಲಗೆ ನೆನೆಸಿಕೊಂಡೇ ಉಪ್ಪು ಹಾಕ್ತಿದ್ದೆ. ನನ್ನ ನಾಲಗೆಯನ್ನ ನೀವೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಹೆಚ್ಚು ಬೇಕು ಎಂದಿದ್ದರೆ ಅವನು ಒಂದು ಬೀಜ ಹೆಚ್ಚು ಇಡುತ್ತಿದ್ದ. ಕಡಿಮೆ ಸಾಕು ಎಂದಿದ್ದರೆ ಒಂದು ತೆಗೆಯುತ್ತಿದ್ದ. ಗೊತ್ತಿಲ್ಲ ಎಂಬುದಕ್ಕೆ ಅವನ ಡಬ್ಬಿಯಲ್ಲಿ ಬೀಜವಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಯಾರೂ ಅವನ ಬಾಯಿಂದ ಕೇಳದ ಒಂದು ಮಾತು ಆಡಿದ.

"ಹಾಗಾದರೆ ನೋಡೋಣ."

ಎಲೆಯ ದೊನ್ನೆಗಳನ್ನು ತಂದು ಹಾಸಿಗೆಯ ಪಕ್ಕದಲ್ಲಿ ಹರಡಿದ. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತಂದ. ಉಪ್ಪು ಮುಂದಾದ ಅವಲಕ್ಕಿ ಒಂದು ಬೆರಳಷ್ಟು ಕೊಟ್ಟ. ಅವಳು ಮುಖ ಕಿವುಚಿದಳು. ಬೆಲ್ಲ ಮುಂದಾದದ್ದು ಕೊಟ್ಟ. "ಇದು ನೀವು ತಿನ್ನಿ" ಎಂದಳು. ಹುಳಿ ಮುಂದಾದದ್ದು ಕೊಟ್ಟ. ಅವಳ ಒಂದು ಕಣ್ಣು ಮುಚ್ಚಿತು, ಇನ್ನೊಂದು ಅರಳಿತು.

"ಅದಕ್ಕೇ ಒಂದು ಚೂರು ಶುಂಠಿ ಹಾಕಿದರೆ?" ಎಂದಳು.

ಅವನು ಓಡಿಹೋಗಿ ಶುಂಠಿ ತಂದ. ಕತ್ತರಿಸಲು ಬಾರದೆ ಆಭರಣ ಕುಟ್ಟುವ ಸುತ್ತಿಗೆಯಿಂದಲೇ ಜಜ್ಜಿದ. ಅವಳು ನಕ್ಕಳು. ನಗುವಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವಲಕ್ಕಿ ಬೇಡ, ಮಂಡಕ್ಕಿ ತನ್ನಿ ಎಂದಳು. ಮಂಡಕ್ಕಿಯನ್ನು ಹುಳಿ ಮಜ್ಜಿಗೆಯಲ್ಲಿ ಮೆತ್ತಗಾಗಿಸಿ, ಶುಂಠಿ ಸೇರಿಸಿ, ಉಪ್ಪು ಸೋಕಿಸಿದ ಹಾಗೆ ಮಾಡಿ ತಿಂದಳು. ಇನ್ನೊಂದು ದೊನ್ನೆ ಎಂದಳು. ಆಮೇಲೆ ಕುಡಿಯುವುದಕ್ಕೆ ನಿಂಬೆಹಣ್ಣಿನ ಪಾನಕ ಕೇಳಿದಳು, ಬೆಲ್ಲ ಹಾಕದೆ.

"ಬೆಲ್ಲವಿಲ್ಲದ್ದು ಪಾನಕ ಹೇಗಾಗುತ್ತದೆ?"

"ನೋಡೋಣ ಕೊಡಿ" ಎಂದಳು ಅವಳು.

ಏಲಕ್ಕಿ, ಮೆಣಸು ಕುಟ್ಟಿ ಹಾಕಿ ಕೊಟ್ಟ. ಅವಳು ಲೋಟ ಬರಿದು ಮಾಡಿದಳು. ಅದೇ ಪಾನಕವನ್ನು ಅವನೂ ಒಂದು ಗುಟುಕು ಕುಡಿದ. ಅವನಿಗೆ ಒಂದಿಷ್ಟೂ ಹಿಡಿಸಲಿಲ್ಲ. ಹಿಡಿಸದ್ದರಿಂದ ಅವನಿಗೆ ಯಾಕೋ ಬಹಳ ಸಂತೋಷವಾಯಿತು.

ಅವಳಿಗೆ ನಿದ್ದೆ ಹತ್ತಿತು. ಬೇನೆಯವರ ನಿದ್ದೆಯಲ್ಲ, ಉಂಡವರ ನಿದ್ದೆ. ಅವನು ದೊನ್ನೆಗಳನ್ನು ಆಯ್ದುಕೊಳ್ಳುತ್ತ ಲೆಕ್ಕ ಹಾಕಿದ. ಹತ್ತು ತುತ್ತು ಯಾವಾಗಲೋ ದಾಟಿತ್ತು. ರುಚಿ ನೋಡುವುದರಲ್ಲೇ ಊಟ ಆಗಿಹೋಗಿತ್ತು. ಇಬ್ಬರಿಗೂ ಅದು ತಿಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಯೋಚಿಸಿ ಕೇಳಿದ: "ಗುರುಗಳೇ, ಹಾಗಾದರೆ ಅವಳನ್ನು ಅರಿಯುವುದಕ್ಕೆ ಅವನಿಗೆ ಹಿಡಿದದ್ದು ಇಪ್ಪತ್ತು ವರ್ಷವೋ, ಒಂದು ಹೊತ್ತೋ?"

ಗುರುಗಳು ಹೇಳಿದರು: "ಏಳು ವರ್ಷದಿಂದ ದಿನವೂ ನನ್ನ ಎಲೆಗೆ ಉಪ್ಪಿನಕಾಯಿ ಬಡಿಸುತ್ತಿದ್ದೀಯೆ, ನಾನು ಅದನ್ನು ಒಂದು ದಿನವಾದರೂ ಮುಟ್ಟಿದ್ದು ಕಂಡೆಯಾ?"